ಸಾವಯವ: ಶವರ್ ಜೆಲ್ ಬಾಟಲಿಯ ಮೇಲೆ ಈ ಪದಕ್ಕೇನು ಕೆಲಸ?

ಬೆಲ್ಲದ ಡಬ್ಬಿಯ ಮೇಲೆ ‘ಸಾವಯವ’ ಎಂದಿದ್ದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಬ್ಬಿಗೆ ರಾಸಾಯನಿಕ ಗೊಬ್ಬರ ಹಾಕಿಲ್ಲ, ಅಷ್ಟೇ. ಆದರೆ ‘ಆರ್ಗ್ಯಾನಿಕ್ ಬೊಟಾನಿಕಲ್ ಶವರ್ ಜೆಲ್’? ಅದು ಹೊಲದಲ್ಲಿ ಬೆಳೆಯುವುದಿಲ್ಲ. ಅದರಲ್ಲಿ ಹೆಚ್ಚು ಪಾಲು ನೀರು. ನೀರಿಗೆ ಗೊಬ್ಬರ ಹಾಕುವವರು ಯಾರು?

ಪದವನ್ನೇ ಒಡೆದು ನೋಡೋಣ. ಅವಯವ ಉಳ್ಳದ್ದು ಸಾವಯವ. ಇಂಗ್ಲಿಷಿನ ಆರ್ಗ್ಯಾನಿಕ್ ಒಳಗಿನ ‘ಆರ್ಗನ್’ಗೆ ಸರಿಯಾಗಿ ‘ಅವಯವ’ವನ್ನು ಕೂರಿಸಿದ ಪದವಿದು, ಜೊತೆಗೆ ಅಲ್ಲಿನ ಗೊಂದಲವೂ ಇತ್ತ ಬಂತು. ಪಿಯುಸಿಯಲ್ಲಿ ಓದುವ ಸಾವಯವ ರಸಾಯನಶಾಸ್ತ್ರವೆಂದರೆ ಇಂಗಾಲದ ಸಂಯುಕ್ತಗಳ ಶಾಸ್ತ್ರ. ಅವು ಜೀವಿಗಳ ಒಳಗಷ್ಟೇ ಹುಟ್ಟುತ್ತವೆ ಎಂಬ ಹಳೆಯ ನಂಬಿಕೆಯನ್ನು ಅಲ್ಲಾಡಿಸಿದವನು ಜರ್ಮನಿಯ ಫ್ರೀಡ್ರಿಶ್ ವೋಲರ್; 1828ರಲ್ಲಿ ಪ್ರಯೋಗಾಲಯದಲ್ಲೇ ಯೂರಿಯಾ ತಯಾರಿಸಿದ. ತಮಾಷೆ ನೋಡಿ: ಆ ಶಾಸ್ತ್ರದ ಲೆಕ್ಕದಲ್ಲಿ ಯೂರಿಯಾ ಸಾವಯವ, ಸಾವಯವ ಕೃಷಿಕರಿಗೆ ಅದೇ ಯೂರಿಯಾ ಚೀಲ ನಿಷಿದ್ಧ! ಕೃಷಿಯ ಅರ್ಥ ಬಂದದ್ದು ಬಹಳ ತಡವಾಗಿ. ಇಡೀ ಹೊಲವೇ ಒಂದು ಜೀವಿ ಎಂದು ಭಾವಿಸಿದ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ 1940ರಲ್ಲಿ ಆ ಪದವನ್ನು ಬೇಸಾಯಕ್ಕೆ ತಂದರು.

ಬಾಟಲಿಯ ಮೇಲಿರುವುದು ಈ ಎರಡನೆಯ ಅರ್ಥವೇ. ಆದರೆ ಅದಕ್ಕೊಂದು ಗಣಿತವಿದೆ. ಬ್ರಿಟನ್ನಿನ ಸಾಯಿಲ್ ಅಸೋಸಿಯೇಷನ್, ಫ್ರಾನ್ಸಿನ ಇಕೋಸರ್ಟ್ ಮುಂತಾದ ಐದು ಯುರೋಪಿಯನ್ ಸಂಸ್ಥೆಗಳು ಸೇರಿ ರೂಪಿಸಿದ, ಸಾವಯವ ಸೌಂದರ್ಯವರ್ಧಕಗಳ ‘ಕಾಸ್ಮಾಸ್’ ಮಾನದಂಡದ ಪ್ರಕಾರ, ಹಿಂಡಿ, ಕುಟ್ಟಿ, ಬಟ್ಟಿ ಇಳಿಸಿ ತೆಗೆದ ಸಸ್ಯಾಂಶಗಳಲ್ಲಿ ಕನಿಷ್ಠ ಶೇ. 95 ಸಾವಯವ ಬೆಳೆಯದ್ದಾಗಿರಬೇಕು. ಇಡೀ ಉತ್ಪನ್ನದಲ್ಲಿ ಎಷ್ಟಿರಬೇಕು? ಕ್ರೀಮಿನಂಥವಕ್ಕೆ ಶೇ. 20. ತೊಳೆದುಹೋಗುವ ಶವರ್ ಜೆಲ್‌ಗೆ ಬರೀ 10. ಅಂದರೆ 250 ಗ್ರಾಂನಲ್ಲಿ 25 ಗ್ರಾಂ ಇದ್ದರೂ ಮುದ್ರೆ ಸಿಗುತ್ತದೆ. ಇದನ್ನು ಮೋಸ ಎನ್ನಲಾರೆ. ನೀರನ್ನು ಸಾವಯವವೆಂದು ಲೆಕ್ಕ ಹಿಡಿಯದಿರುವುದೇ ಪ್ರಾಮಾಣಿಕತೆ, ಒಟ್ಟು ಶೇಕಡಾವಾರನ್ನು ಲೇಬಲ್ಲಿನಲ್ಲಿ ಬರೆಯಲೂಬೇಕು. ಆದರೆ ಮುಂಭಾಗದ ದೊಡ್ಡ ಅಕ್ಷರ ಓದಿದವರ ಮನಸ್ಸಿಗೆ ಈ ಹತ್ತು ಬರುವುದಿಲ್ಲವಲ್ಲ.

ಇನ್ನು ನೊರೆ. ನಮ್ಮ ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆ ಬರಿಸುವ ಸಪೋನಿನ್ ತಾನಾಗಿಯೇ ಇದೆ. ನೆನೆಸಿ ಕಿವುಚಿದರೆ ಸಾಕು. ಜೆಲ್‌ನಲ್ಲಿ ಆ ಕೆಲಸ ಮಾಡುವುದು ಸಾಮಾನ್ಯವಾಗಿ ಕೋಕೋ ಗ್ಲುಕೋಸೈಡ್‌ನಂಥವು: ತೆಂಗಿನೆಣ್ಣೆಯಿಂದ ಬಂದ ಕೊಬ್ಬಿನ ಆಲ್ಕೋಹಾಲಿಗೆ ಸಕ್ಕರೆಯನ್ನು ಕಾರ್ಖಾನೆಯಲ್ಲಿ ಬೆಸೆದದ್ದು. ಮೂಲ ಸಸ್ಯವೇ, ಆದರೂ ಹಿಂಡಿ ತೆಗೆದ ರಸವಲ್ಲ. ಮಾಮೂಲಿ ಜೆಲ್‌ಗಳ ನೊರೆಕಾರಕ ಸೋಡಿಯಂ ಲಾರೆತ್ ಸಲ್ಫೇಟ್‌ಗೆ ಮಾತ್ರ ಕಾಸ್ಮಾಸ್‌ನಲ್ಲಿ ಪ್ರವೇಶವಿಲ್ಲ, ಅದರ ತಯಾರಿಯಲ್ಲಿ ಎಥಿಲೀನ್ ಆಕ್ಸೈಡ್ ಎಂಬ ವಿಷಕಾರಿ ಅನಿಲ ಬಳಕೆಯಾಗುತ್ತದೆ.

‘ಬೊಟಾನಿಕಲ್’ ಎಂದರೆ ಗಿಡಮೂಲದ್ದು, ಅಷ್ಟೇ. ಹೇಗೆ ಬೆಳೆದದ್ದು, ಎಷ್ಟು ಹಾಕಿದ್ದು ಎಂಬುದನ್ನು ಅದು ಹೇಳುವುದಿಲ್ಲ. (ಗ್ರೀಕ್ ಮೂಲದಲ್ಲಿ ಅದರರ್ಥ ಮೇವು, ಹುಲ್ಲು.) ಕೆಲವು ಬಾಟಲಿಗಳ ಮೇಲೆ ಕಾಣುವ ‘ಎಥಿಕಲ್’ (ನೈತಿಕ) ಇನ್ನೂ ಸಡಿಲ. ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂಬುದೊಂದೇ ಅದರ ಅರ್ಥವಾದರೆ, ಭಾರತದಲ್ಲಿ ಸೌಂದರ್ಯವರ್ಧಕಗಳಿಗೆ ಅಂಥ ಪರೀಕ್ಷೆ 2014ರಿಂದಲೇ ನಿಷೇಧ.

ಬಾಟಲಿ ತಿರುಗಿಸಿದರೆ ಸಣ್ಣಕ್ಷರದ ಪಟ್ಟಿ, ಹೆಚ್ಚು ಇರುವುದು ಮೊದಲು. ಸಾವಯವ ಬೆಳೆಯಿಂದ ಬಂದದ್ದರ ಪಕ್ಕದಲ್ಲಿ ಪುಟ್ಟ ನಕ್ಷತ್ರ ಚಿಹ್ನೆ. ಲೋಳೆಸರದ ರಸಕ್ಕೆ ಉಂಟು, ಲ್ಯಾವೆಂಡರ್ ಎಣ್ಣೆಗೆ ಉಂಟು, ಮೊದಲ ಸಾಲಿನ ‘ಆಕ್ವಾ’ ಎಂಬ ನೀರಿಗೆ ಇಲ್ಲ.