ಪ್ಲಾಟಿನಂ ಮಾಡುವ ಕೆಲಸ ಕಬ್ಬಿಣದಿಂದ ಆಗುತ್ತಾ?

ಟೊಯೊಟಾ 2014ರಲ್ಲಿ ಮಿರೈ ಎಂಬ ಹೈಡ್ರೋಜನ್ ಕಾರನ್ನು ಮಾರಾಟಕ್ಕೆ ತಂದಿತು. ಅದರ ಇಂಧನಕೋಶಗಳಲ್ಲಿ ಸುಮಾರು 30 ಗ್ರಾಂ ಪ್ಲಾಟಿನಂ ಇತ್ತು. ಮೂವತ್ತೇ ಗ್ರಾಂ ಅಲ್ವಾ ಅನ್ನಿಸಬಹುದು. ಆದರೆ ಜಗತ್ತಿನ ಗಣಿಗಳೆಲ್ಲ ಸೇರಿ ವರ್ಷಕ್ಕೆ ಕೊಡುವ ಪ್ಲಾಟಿನಂ 200 ಟನ್ನಿಗಿಂತ ಕಡಿಮೆ. ಅದರಲ್ಲಿ ಶೇ. 70ರಷ್ಟು ದಕ್ಷಿಣ ಆಫ್ರಿಕಾ ಒಂದರಿಂದಲೇ ಬರುತ್ತದೆ. ಅಷ್ಟನ್ನೂ ಕಾರಿಗೇ ಸುರಿದರೂ 70 ಲಕ್ಷ ಕಾರು ಆಗುವುದಿಲ್ಲ. ವರ್ಷಕ್ಕೆ ತಯಾರಾಗುವ ಕಾರುಗಳ ಸಂಖ್ಯೆ ಹೆಚ್ಚುಕಡಿಮೆ ಅದರ ಹತ್ತು ಪಟ್ಟು. ಹಾಗಾಗಿ ಬೆಲೆಯ ಮಾತು ಬಿಟ್ಟರೂ, ಸಾಕಾಗುವಷ್ಟು ಲೋಹವೇ ಸಿಗುವುದಿಲ್ಲ.

ಇಂಧನಕೋಶದ ಕೆಲಸ ಕೇಳಲು ಸುಲಭ. ಒಂದು ಬದಿಯಲ್ಲಿ ಹೈಡ್ರೋಜನ್ ಒಡೆದು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗುತ್ತದೆ. ನಡುವಿನ ತೆಳು ಪೊರೆ ಪ್ರೋಟಾನನ್ನು ಮಾತ್ರ ಬಿಡುತ್ತದೆ. ಎಲೆಕ್ಟ್ರಾನ್ ಬೇರೆ ದಾರಿ ಕಾಣದೆ ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಅದೇ ನಮಗೆ ಸಿಗುವ ಕರೆಂಟು. ಆಚೆ ಬದಿಯಲ್ಲಿ ಎರಡೂ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತವೆ. ಪ್ಲಾಟಿನಂ ಇಲ್ಲಿ ವೇಗವರ್ಧಕ, ಅಂದರೆ ತಾನು ಖರ್ಚಾಗದೆ ಎರಡೂ ಬದಿಯ ಕ್ರಿಯೆಯನ್ನು ಚುರುಕು ಮಾಡುವ ವಸ್ತು.

ಹೈಡ್ರೋಜನ್ ಬದಿಯದು ದೊಡ್ಡ ತಲೆನೋವಲ್ಲ. ಅಲ್ಲಿ ಚಿಟಿಕೆ ಪ್ಲಾಟಿನಂ ಸಾಕು. ಕಾಟ ಕೊಡುವುದು ಆಕ್ಸಿಜನ್. ಅದರ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಅವನ್ನು ಬಿಡಿಸಿ, ನಾಲ್ಕು ಎಲೆಕ್ಟ್ರಾನ್, ನಾಲ್ಕು ಪ್ರೋಟಾನ್ ಸೇರಿಸಿದರೆ ಎರಡು ನೀರಿನ ಅಣು. ಈ ಕೆಲಸ ಬಹಳ ನಿಧಾನ. ಲೆಕ್ಕದ ಪ್ರಕಾರ ಒಂದು ಕೋಶ 1.23 ವೋಲ್ಟ್ ಕೊಡಬೇಕು. ಕೆಲಸ ಮಾಡುವಾಗ ಕೈಗೆ ಸಿಗುವುದು 0.6 ಅಥವಾ 0.7. ನಷ್ಟದ ದೊಡ್ಡ ಪಾಲು ಈ ಬದಿಯದೇ. ಪ್ಲಾಟಿನಂನ ಹೆಚ್ಚಿನ ಪಾಲೂ ಇಲ್ಲಿಗೇ ಹೋಗುತ್ತದೆ.

ಇಲ್ಲಿ ಆಕ್ಸಿಜನ್ ಮೇಲೆ ವೇಗವರ್ಧಕದ ಹಿಡಿತ ಹದವಾಗಿರಬೇಕು. ಸರತಿ ಸಾಲಿನ ಮುಂದೆ ಒಂದೇ ಕುರ್ಚಿ ಇದೆ ಅಂದುಕೊಳ್ಳಿ. ಬಂದವರು ಕೂರದಿದ್ದರೆ ಕೆಲಸ ಆಗುವುದಿಲ್ಲ, ಕೂತವರು ಏಳದಿದ್ದರೆ ಸಾಲು ಸರಿಯುವುದಿಲ್ಲ. ಡೆನ್ಮಾರ್ಕಿನ ನಾರ್ಸ್ಕೋವ್ ಮತ್ತು ಸಂಗಡಿಗರು 2004ರಲ್ಲಿ ಬೇರೆ ಬೇರೆ ಲೋಹಗಳ ಹಿಡಿತವನ್ನು ಲೆಕ್ಕ ಹಾಕಿ ತೋರಿಸಿದರು. ಶುದ್ಧ ಲೋಹಗಳಲ್ಲಿ ಈ ಹದಕ್ಕೆ ತೀರಾ ಹತ್ತಿರ ಇರುವುದು ಪ್ಲಾಟಿನಂ. ಅದರ ಹಿಡಿತವೂ ಸ್ವಲ್ಪ ಜಾಸ್ತಿಯೇ. ನಿಕ್ಕಲ್ ಅಥವಾ ಕೋಬಾಲ್ಟ್ ಬೆರೆಸಿದರೆ ಅದು ಸಡಿಲವಾಗುತ್ತದೆ. ಮಿರೈ ಕಾರಿನಲ್ಲಿ ಇದ್ದದ್ದೂ ಕೋಬಾಲ್ಟ್ ಬೆರೆಸಿದ ಪ್ಲಾಟಿನಂ.

ಇನ್ನೊಂದು ಕಡೆ ಇದೇ ಕೆಲಸ ಪ್ಲಾಟಿನಂ ಇಲ್ಲದೆ ನಡೆಯುತ್ತಲೇ ಇದೆ. ನಾವು ಉಸಿರಾಡುವ ಆಕ್ಸಿಜನ್ ನಮ್ಮ ಜೀವಕೋಶಗಳಲ್ಲಿ ನೀರಾಗುತ್ತದೆ. ಅಲ್ಲೂ ನಾಲ್ಕು ಎಲೆಕ್ಟ್ರಾನ್, ನಾಲ್ಕು ಪ್ರೋಟಾನ್. ಮಾಡಿಸುವುದು ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ. ಅದರೊಳಗೆ ಈ ಕೆಲಸ ಮಾಡುವ ಲೋಹ ಕಬ್ಬಿಣ ಮತ್ತು ತಾಮ್ರ. ಆಕ್ಸಿಜನ್ ಹಿಡಿಯುವ ಕಬ್ಬಿಣದ ಸುತ್ತ ನಾಲ್ಕು ನೈಟ್ರೋಜನ್ ಪರಮಾಣುಗಳ ಚೌಕ.

ಅಂಥದ್ದೇ ಚೌಕದೊಳಗೆ ಕೋಬಾಲ್ಟ್ ಕೂತಿರುವ ಒಂದು ಅಣುವನ್ನು 1964ರಲ್ಲಿ ರೇಮಂಡ್ ಜಸಿನ್ಸ್ಕಿ ಪರೀಕ್ಷಿಸಿದರು. ಹೆಸರು ಕೋಬಾಲ್ಟ್ ಥ್ಯಾಲೊಸಯನಿನ್, ನೀಲಿ ಬಣ್ಣ ಮಾಡುವ ವರ್ಣದ್ರವ್ಯದ ಬಂಧು. ಕ್ಷಾರದಲ್ಲಿ ಅದು ಆಕ್ಸಿಜನ್ ಕೆಲಸವನ್ನು ಮಾಡಿಯೇ ತೋರಿಸಿತು. ಆದರೆ ಕಾರಿನ ಕೋಶದ ಪೊರೆ ಆಮ್ಲದ ಗುಣದ್ದು, ಇಂಥ ಅಣುಗಳು ಆಮ್ಲದಲ್ಲಿ ಬೇಗ ಹಾಳಾಗುತ್ತಿದ್ದವು. ಮುಂದೆ ಇವನ್ನು ಇಂಗಾಲದ ಜೊತೆ ನೂರಾರು ಡಿಗ್ರಿಯಲ್ಲಿ ಸುಟ್ಟು ನೋಡಿದರು. ವಿಚಿತ್ರ ಅಂದರೆ, ಅಣು ಮುರಿದುಬಿದ್ದರೂ ಕೆಲಸ ಸುಧಾರಿಸಿತು! ಹಾಗಾದರೆ ಅಷ್ಟು ಕಷ್ಟಪಟ್ಟು ಮಾಡಿದ ದುಬಾರಿ ಅಣುವೇ ಯಾಕೆ ಬೇಕು? 1989ರಲ್ಲಿ ಅಮೆರಿಕದ ಅರ್ನೆಸ್ಟ್ ಯೀಗರ್ ಅವರ ತಂಡ ಅದನ್ನು ಕೈಬಿಟ್ಟು, ಲೋಹದ ಸಾದಾ ಲವಣ, ನೈಟ್ರೋಜನ್ ಇರುವ ಪಾಲಿಮರ್ ಮತ್ತು ಇಂಗಾಲ ಸೇರಿಸಿ ಸುಟ್ಟಿತು. ಅದೂ ಕೆಲಸ ಮಾಡಿತು. 2009ರಲ್ಲಿ ಕೆನಡಾದ ಜಾನ್-ಪೋಲ್ ಡೊಡಲೆ ತಂಡ ಇಂಗಾಲದ ಸೂಕ್ಷ್ಮ ರಂಧ್ರಗಳಲ್ಲಿ ಕಬ್ಬಿಣ ತುಂಬಿದಾಗ, ಇದು ಪ್ಲಾಟಿನಂಗೆ ನಿಜವಾದ ಪೈಪೋಟಿ ಅಂತ ಎಲ್ಲರೂ ತಿರುಗಿ ನೋಡಿದರು.

ಆ ಕಪ್ಪು ಪುಡಿಯೊಳಗೆ ಕೆಲಸ ಮಾಡುತ್ತಿರುವುದು ಯಾವುದು ಎಂಬ ಜಗಳ ದಶಕಗಟ್ಟಲೆ ನಡೆಯಿತು. ಈಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂಟಿ ಕಬ್ಬಿಣದ ಪರಮಾಣುಗಳೇ ಕಾಣುತ್ತವೆ. ಇಂಗಾಲದ ಹಾಳೆಯಲ್ಲಿ, ಸುತ್ತ ನೈಟ್ರೋಜನ್ ಇಟ್ಟುಕೊಂಡು ಕೂತಿರುತ್ತವೆ.

ಇಷ್ಟಾದರೂ ಈ ಪುಡಿ ಕಾರಿಗೆ ಬಂದಿಲ್ಲ. ಮೊದಲ ಕಾರಣ ಆಯಸ್ಸು. ಕೆಲವೊಮ್ಮೆ ಆಕ್ಸಿಜನ್‌ಗೆ ನಾಲ್ಕರ ಬದಲು ಎರಡೇ ಎಲೆಕ್ಟ್ರಾನ್ ಸಿಕ್ಕಿ, ನೀರಿನ ಬದಲು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅದಕ್ಕೂ ಕಬ್ಬಿಣಕ್ಕೂ ಕೆಟ್ಟ ಗಳಸ್ಯ ಕಂಠಸ್ಯ. ಇಬ್ಬರೂ ಕೂಡಿ ಹುಟ್ಟಿಸುವ, ಸಿಕ್ಕಿದ್ದನ್ನೆಲ್ಲ ಒಡೆಯುವ ಅಣುತುಣುಕುಗಳಾದ ರ‍್ಯಾಡಿಕಲ್‌ಗಳು ಪೊರೆಯನ್ನೂ ಇಂಗಾಲವನ್ನೂ ತಿನ್ನುತ್ತವೆ. ಇಂಥ ಎಷ್ಟೋ ವೇಗವರ್ಧಕಗಳು ಮೊದಲ ನೂರು ಗಂಟೆಯೊಳಗೇ ಅರ್ಧ ಸೋತುಬಿಡುತ್ತವೆ. ಕಾರಿಗೆ ಕನಿಷ್ಠ 5,000 ಗಂಟೆ ಬೇಕು, ಲಾರಿಗೆ ಅದರ ಹಲವು ಪಟ್ಟು.

ಎರಡನೆಯದು ದಪ್ಪ. ಕಬ್ಬಿಣದ ಪುಡಿಯಲ್ಲಿ ಕೆಲಸ ಮಾಡುವ ತಾಣಗಳು ವಿರಳ. ಹಾಗಾಗಿ ಅದರ ಪದರ ಪ್ಲಾಟಿನಂ ಪದರದ ಸುಮಾರು ಹತ್ತು ಪಟ್ಟು ದಪ್ಪವಿರಬೇಕು. ಗಾಳಿ ಒಳಗೆ ನುಸುಳಲು ಒದ್ದಾಡುತ್ತದೆ, ಹುಟ್ಟಿದ ನೀರು ಹೊರಬರಲಾರದೆ ನಿಲ್ಲುತ್ತದೆ. ಕೋಶದ ಶಕ್ತಿ ಕುಗ್ಗುತ್ತದೆ. ಅದನ್ನು ತುಂಬಲು ಹೆಚ್ಚು ಕೋಶ, ಹೆಚ್ಚು ಪೊರೆ, ಹೆಚ್ಚು ಲೋಹದ ತಟ್ಟೆ ಬೇಕು. ಪ್ಲಾಟಿನಂನಲ್ಲಿ ಉಳಿಸಿದ್ದು ಇಲ್ಲಿ ಖರ್ಚಾಯಿತು. ಆದ್ದರಿಂದ "ಅಗ್ಗದ ವೇಗವರ್ಧಕ ಸಿಕ್ಕಿತು" ಎಂಬ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ಹುಡುಕುವುದು ಎಷ್ಟು ಗಂಟೆ ಓಡಿತು, ಒಂದು ಚದರ ಸೆಂಟಿಮೀಟರಿಗೆ ಎಷ್ಟು ವಾಟ್ ಬಂತು ಎಂಬ ಎರಡು ಅಂಕಿ. ಗ್ರಾಂ ಬೆಲೆ ಆಮೇಲೆ.

ಆಮ್ಲದ ಸಹವಾಸವೇ ಬೇಡ, ಕ್ಷಾರಕ್ಕೆ ಹೋಗೋಣ ಎನ್ನುವವರೂ ಇದ್ದಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1959ರಲ್ಲೇ ನಿಕ್ಕಲ್ ಎಲೆಕ್ಟ್ರೋಡುಗಳ 5 ಕಿಲೋವಾಟ್ ಕೋಶ ಓಡಿಸಿ ತೋರಿಸಿದ್ದರು. ಅದೇ ಬಗೆಯ ಕೋಶ ಅಪೋಲೋ ನೌಕೆಗಳಲ್ಲಿ ಚಂದ್ರನ ಕಡೆ ಹೋಯಿತು. ಕ್ಷಾರದಲ್ಲಿ ಬೆಳ್ಳಿ, ಮ್ಯಾಂಗನೀಸ್ ಆಕ್ಸೈಡ್ ಕೂಡ ಆಕ್ಸಿಜನ್ ಕೆಲಸ ಮಾಡುತ್ತವೆ. ಆದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕ್ಷಾರವನ್ನು ಕಾರ್ಬೋನೇಟ್ ಮಾಡಿ ಕೆಡಿಸುತ್ತದೆ. ಸಾಲದ್ದಕ್ಕೆ, ಆಮ್ಲದಲ್ಲಿ ಸಲೀಸಾಗಿದ್ದ ಹೈಡ್ರೋಜನ್ ಬದಿ ಇಲ್ಲಿ ಮಂದವಾಗಿ ಅದೇ ಪ್ಲಾಟಿನಂ ಕೇಳುತ್ತದೆ!

ಅತ್ತ ಪ್ಲಾಟಿನಂ ಕೂಡ ಸುಮ್ನೆ ಕೂತಿಲ್ಲ. ಕಿಲೋವಾಟಿಗೆ ಬೇಕಾದ ಪ್ರಮಾಣ ಇಳಿಯುತ್ತಲೇ ಇದೆ. ಅಮೆರಿಕದ ಇಂಧನ ಇಲಾಖೆ ಇಟ್ಟುಕೊಂಡ ಗುರಿ 0.125 ಗ್ರಾಂ. ಹಳೆಯ ಕೋಶದಿಂದ ಅದನ್ನು ತೆಗೆದು ಮತ್ತೆ ಬಳಸಲೂಬಹುದು, ಕಬ್ಬಿಣದ ಪುಡಿಯನ್ನು ವಾಪಸ್ ಕೊಳ್ಳುವವರಿಲ್ಲ. ಕಬ್ಬಿಣದಂಥವು ಮೊದಲು ಗೆಲ್ಲುವುದು ಜಾಸ್ತಿ ಶಕ್ತಿ ಬೇಡದ ಕಡೆ ಎಂದು ನನಗನ್ನಿಸುತ್ತದೆ. ಕೆನಡಾದ ಬ್ಯಾಲರ್ಡ್ ಕಂಪನಿ ಜಪಾನಿನ ನಿಶಿನ್‌ಬೋ ಜೊತೆ ಸೇರಿ 2017ರಲ್ಲಿ ಆಕ್ಸಿಜನ್ ಬದಿಗೆ ಪ್ಲಾಟಿನಂ ಹಾಕದ ಕೋಶವನ್ನು ಪ್ರಕಟಿಸಿತು. ಅದರ ಶಕ್ತಿ 30 ವಾಟ್.