ವೈರ್‌ಶಾರ್ಕ್ ಪ್ಲಗಿನ್ ಬರೆಯುವವರ ಕೈಪಿಡಿ ಬೇಗ ಹಳಸುವುದೇಕೆ?

3, 4, 0, 42, 192, 168, 1, 5.

ನೆಟ್‌ವರ್ಕ್‌ನಲ್ಲಿ ಹೀಗೆ ಎಂಟು ಬೈಟ್ ಹಾದುಹೋದವು ಎಂದುಕೊಳ್ಳಿ. ನೋಡಿದರೆ ಬರೀ ಅಂಕಿಗಳು. ಅರ್ಥ ಮಾಡಿಕೊಳ್ಳಲು ನಿಯಮ ಗೊತ್ತಿರಬೇಕು. ಮೊದಲ ಬೈಟ್ ಪ್ಯಾಕೆಟ್ಟಿನ, ಅಂದರೆ ಒಟ್ಟಿಗೆ ಬರುವ ಈ ಬೈಟುಗಳ ಕಟ್ಟಿನ, ಬಗೆ: 1 ಇದ್ದರೆ ಆರಂಭ, 2 ಇದ್ದರೆ ಮುಕ್ತಾಯ, 3 ಇದ್ದರೆ ಡೇಟಾ. ಎರಡನೆಯದು ಫ್ಲಾಗ್, ಅಲ್ಲಿ 4 ಅಂದರೆ ಆದ್ಯತೆಯ ಪ್ಯಾಕೆಟ್. ಆಮೇಲಿನ ಎರಡು ಬೈಟ್ ಸೇರಿ ಕ್ರಮಸಂಖ್ಯೆ. ಕೊನೆಯ ನಾಲ್ಕು ಐಪಿ ವಿಳಾಸ. ಈಗ ಓದಿ ನೋಡಿ: ಡೇಟಾ ಹೊತ್ತ, ಆದ್ಯತೆಯ, 42ನೇ ಪ್ಯಾಕೆಟ್, ಜೊತೆಗೆ 192.168.1.5 ಎಂಬ ವಿಳಾಸ.

ಬೈಟುಗಳನ್ನು ಹೀಗೆ ಓದುವ ನಿಯಮಗಳ ಗುಂಪಿಗೆ ಪ್ರೋಟೋಕಾಲ್ ಅನ್ನುತ್ತಾರೆ. ಇದರ ಹೆಸರು ಫೂ ಪ್ರೋಟೋಕಾಲ್. ಇಂಥದ್ದೊಂದು ಪ್ರೋಟೋಕಾಲ್ ನಿಜಕ್ಕೂ ಇಲ್ಲ. ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್‌ನ ಡೆವಲಪರ್ ಗೈಡ್‌ನಲ್ಲಿ ಪಾಠಕ್ಕೆಂದೇ ಕಟ್ಟಿದ ಉದಾಹರಣೆ ಇದು. ಯುಡಿಪಿ ಎಂಬ ಸಾಗಣೆ ವಿಧಾನದ ಒಂದು ಪೋರ್ಟಿನಲ್ಲಿ, ಅಂದರೆ ಸಂಖ್ಯೆ ಇಟ್ಟ ಬಾಗಿಲಿನಲ್ಲಿ, ಫೂ ಬರುತ್ತದೆ ಎಂದಿಟ್ಟುಕೊಂಡು, ಅದನ್ನು ಬಿಡಿಸಿ ತೋರಿಸುವ ಪ್ರೋಗ್ರಾಮನ್ನು ಹೇಗೆ ಬರೆಯಬೇಕು ಅಂತ ಗೈಡ್ ಹೆಜ್ಜೆಹೆಜ್ಜೆಯಾಗಿ ಕಲಿಸುತ್ತದೆ.

ವೈರ್‌ಶಾರ್ಕ್ ಮಾಡುವ ಕೆಲಸವೇ ಇದು. ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್ಟುಗಳನ್ನು ಹಿಡಿದು, ಒಂದೊಂದು ಬೈಟಿನ ಅರ್ಥ ಬಿಡಿಸಿಡುತ್ತದೆ. ಅಮೆರಿಕದ ಜೆರಾಲ್ಡ್ ಕೋಂಬ್ಸ್ ಇದನ್ನು 1998ರಲ್ಲಿ ಈಥೀರಿಯಲ್ ಅನ್ನುವ ಹೆಸರಲ್ಲಿ ಬಿಡುಗಡೆ ಮಾಡಿದರು. 2006ರಲ್ಲಿ ಅವರು ಕೆಲಸ ಬದಲಿಸಿದಾಗ ಆ ಹೆಸರಿನ ಟ್ರೇಡ್‌ಮಾರ್ಕ್ ಜೊತೆಗೆ ಬರಲಿಲ್ಲ, ಹಾಗಾಗಿ ವೈರ್‌ಶಾರ್ಕ್ ಆಯಿತು. ಇವತ್ತು ಅದಕ್ಕೆ 3000ದಷ್ಟು ಪ್ರೋಟೋಕಾಲ್‌ಗಳು ಗೊತ್ತು. ಒಂದೊಂದು ಪ್ರೋಟೋಕಾಲ್ ಬಿಡಿಸುವ ತುಣುಕು ಕೋಡಿಗೆ ಡಿಸೆಕ್ಟರ್ ಅನ್ನುತ್ತಾರೆ.

ಅಷ್ಟಿದ್ದರೂ ಸಾಲುವುದಿಲ್ಲ. ಕಂಪನಿಗಳು ತಮ್ಮ ಯಂತ್ರಗಳ ನಡುವೆ ಮಾತಾಡಿಕೊಳ್ಳಲು ಸ್ವಂತ ಪ್ರೋಟೋಕಾಲ್ ಕಟ್ಟಿಕೊಂಡಿರುತ್ತವೆ. ಅದು ವೈರ್‌ಶಾರ್ಕ್‌ಗೆ ಗೊತ್ತಿರಲು ಸಾಧ್ಯವೇ ಇಲ್ಲ. ಆಗ ಪ್ಲಗಿನ್ ಬರೆಯಬೇಕು. ಪ್ಲಗಿನ್ ಅಂದರೆ ಮೂಲ ಸಾಫ್ಟ್‌ವೇರನ್ನು ಮುಟ್ಟದೆ ಹೊರಗಿನಿಂದ ಸೇರಿಸುವ ಡಿಸೆಕ್ಟರ್. ಬರೆಯಲು ಕೂತ ಎಂಜಿನಿಯರ್ ಮೊದಲು ತೆರೆಯುವುದು ಗೈಡನ್ನು, ಆಮೇಲೆ ಸೋರ್ಸ್ ಕೋಡ್ ಜೊತೆಗೇ ಬರುವ ರೀಡ್‌ಮಿ ಫೈಲ್‌ಗಳನ್ನು. ಡಿಸೆಕ್ಟರ್‌ಗೆ ಒಂದು ರೀಡ್‌ಮಿ, ಪ್ಲಗಿನ್‌ಗೆ ಒಂದು, ಒಟ್ಟಾರೆ ಡೆವಲಪರ್‌ಗಳಿಗೆ ಇನ್ನೊಂದು.

ತೊಂದರೆ ಶುರುವಾಗುವುದು ಇಲ್ಲೇ. ಕೋಡ್ ದಿನಾ ಬದಲಾಗುತ್ತದೆ, ಬರಹ ಇದ್ದಲ್ಲೇ ಇರುತ್ತದೆ. ಗೋಡೆ ಮೇಲೆ ಬರೆದ ಹಳೇ ಬಸ್ಸಿನ ವೇಳಾಪಟ್ಟಿ ನಂಬಿ ನಿಂತವರ ಪಾಡು ಗೊತ್ತಲ್ವಾ, ಹಾಗೆ.

ಕೆಲವು ಬದಲಾವಣೆಗಳಿಂದ ಅಷ್ಟೇನೂ ಅಪಾಯವಿಲ್ಲ. ಮುಂಚೆ ಪ್ಯಾಕೆಟ್ ಪಟ್ಟಿಯ ಒಂದು ಕಾಲಮ್ಮಿನಲ್ಲಿ ಏನಾದರೂ ಬರೆಯುವ ಮೊದಲು ಆ ಕಾಲಮ್ ಬೇಕಾಗಿದೆಯಾ ಅಂತ ಚೆಕ್_ಕಾಲ್ ಎಂಬ ಫಂಕ್ಷನ್ ಕರೆದು ಕೇಳಬೇಕಿತ್ತು. ಆಮೇಲೆ ಆ ಕೆಲಸವನ್ನು ವೈರ್‌ಶಾರ್ಕ್ ಒಳಗೇ ಮಾಡಿಕೊಂಡಿತು, ಚೆಕ್_ಕಾಲ್ ಹೋಯಿತು. ಡಿಸೆಕ್ಟರನ್ನು ಪೋರ್ಟಿಗೆ ಜೋಡಿಸುವ ಡಿಸೆಕ್ಟರ್_ಆಡ್ ಎಂಬ ಫಂಕ್ಷನ್ ಮುಂದೆ ಡಿಸೆಕ್ಟರ್_ಆಡ್_ಯುಇಂಟ್ ಆಯಿತು. ಮೊದಲೆಲ್ಲ ಡಿಸೆಕ್ಟರ್ ಏನನ್ನೂ ವಾಪಸ್ ಕೊಡಬೇಕಿರಲಿಲ್ಲ. ಈಗ ತಾನು ಎಷ್ಟು ಬೈಟ್ ಓದಿದೆ ಅಂತ ಲೆಕ್ಕ ಒಪ್ಪಿಸಬೇಕು. 2019ರಲ್ಲಿ ಬಂದ 3.0 ಆವೃತ್ತಿಯಲ್ಲಿ ಹಳೆಯ ಆಟೋಟೂಲ್ಸ್ ಬಿಟ್ಟು, ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ, ಅಂದರೆ ಕಂಪೈಲ್ ಮಾಡುವ, ವ್ಯವಸ್ಥೆ ಪೂರ್ತಿ ಸಿಮೇಕ್‌ಗೆ ಹೋಯಿತು. ಪ್ಲಗಿನ್ ಫೋಲ್ಡರಿನಲ್ಲಿ ಯಾವ್ಯಾವ ಫೈಲ್ ಇರಬೇಕು ಅನ್ನುವ ಹಳೆಯ ಪಟ್ಟಿ ಅಲ್ಲಿಗೆ ರದ್ದಿಯಾಯಿತು. ಇವೆಲ್ಲ ರೇಗಿಸುವ ವಿಷಯಗಳೇ. ಆದರೂ ಹಳೇ ಸಾಲನ್ನು ನಕಲು ಮಾಡಿದರೆ ಕಂಪೈಲರ್ ತಕ್ಷಣ ಬೈಯುತ್ತದೆ. ಬೈದರೆ ಒಳ್ಳೆಯದೇ, ತಪ್ಪು ಎಲ್ಲಿದೆ ಅಂತಾದರೂ ಗೊತ್ತಾಗುತ್ತದೆ.

ಭಯ ಇರುವುದು ಕಂಪೈಲರ್ ಸುಮ್ನೆ ಒಪ್ಪಿಕೊಳ್ಳುವ ಹಳೇ ಬುದ್ಧಿಮಾತುಗಳ ಬಗ್ಗೆ. ಒಂದನ್ನು ಹತ್ತಿರದಿಂದ ನೋಡೋಣ.

ನೀವು ಒಂದು ಫೈಲ್ ತೆರೆದಾಗ ವೈರ್‌ಶಾರ್ಕ್ ಮೊದಲು ಎಲ್ಲಾ ಪ್ಯಾಕೆಟ್ಟುಗಳ ಮೇಲೂ ಒಂದು ಸುತ್ತು ಓಡುತ್ತದೆ. ಮೇಲಿನ ಪಟ್ಟಿ ತುಂಬಿಸಲು ಅಷ್ಟು ಸಾಕು. ಕೆಳಗೆ ಕೊಂಬೆ ಕೊಂಬೆಯಾಗಿ ಬಿಚ್ಚಿಕೊಳ್ಳುವ ವಿವರ, ಅಂದರೆ ಟ್ರೀ, ಆಗ ಬೇಕಿರುವುದಿಲ್ಲ. ನೀವು ಒಂದು ಪ್ಯಾಕೆಟ್ ಮೇಲೆ ಕ್ಲಿಕ್ ಮಾಡಿದಾಗ ಅದೇ ಡಿಸೆಕ್ಟರ್ ಮತ್ತೊಮ್ಮೆ ಓಡುತ್ತದೆ, ಈ ಸಲ ಟ್ರೀ ಸಮೇತ. ಹಾಗಾಗಿ ಹಳೆಯ ಡಿಸೆಕ್ಟರ್‌ಗಳಲ್ಲಿ ಒಂದು ರೂಢಿ ಇತ್ತು: ಟ್ರೀ ಇದ್ದರೆ ಮಾತ್ರ ವಿವರದ ಕೆಲಸ ಮಾಡು, ಇಲ್ಲದಿದ್ದರೆ ಬಿಟ್ಟುಬಿಡು. ಸಮಯ ಉಳಿಯಿತು, ಸರಿ. ಆದರೆ ಈ ಷರತ್ತಿನೊಳಗೆ ಬೇರೆ ಕೆಲಸವೂ ನುಸುಳಿಕೊಂಡರೆ? ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅನ್ನುವ ನೆನಪು ಇಟ್ಟುಕೊಳ್ಳುವುದೋ, ಮುಂದಿನ ಪದರದ ಡಿಸೆಕ್ಟರನ್ನು ಕರೆಯುವುದೋ ಅದರೊಳಗೆ ಸೇರಿಹೋದರೆ ಮೊದಲ ಸುತ್ತಿನಲ್ಲಿ ಅದು ನಡೆಯುವುದೇ ಇಲ್ಲ. ಆಗ ಪಟ್ಟಿಯಲ್ಲಿ ಒಂದು ಬಗೆ ಕಾಣುತ್ತದೆ, ಕ್ಲಿಕ್ ಮಾಡಿದ ಮೇಲೆ ಇನ್ನೊಂದು ಬಗೆ. ಎಲ್ಲಿ ಎಡವಟ್ಟಾಯಿತು ಅಂತ ಹುಡುಕಲು ಹೊರಟವರ ತಲೆ ಕೆಟ್ಟುಹೋಗುತ್ತದೆ. ಇಂಥ ಕೆಲಸಗಳನ್ನು ಆ ಷರತ್ತಿನೊಳಗೆ ಇಡಬೇಡಿ ಅಂತ ರೀಡ್‌ಮಿಯಲ್ಲಿ ಎಚ್ಚರಿಕೆ ಸೇರಿದೆ. ಅದನ್ನು ಓದದೆ ಯಾವುದೋ ಹಳೇ ಡಿಸೆಕ್ಟರನ್ನು ಎತ್ತಿ ಇಟ್ಟುಕೊಂಡವರಿಗೆ ಮಾತ್ರ ಎಚ್ಚರಿಕೆ ಸಿಗುವುದಿಲ್ಲ, ಷರತ್ತು ಸಿಗುತ್ತದೆ.

ಇನ್ನೊಂದು ಇದಕ್ಕಿಂತ ಗಂಭೀರ. ಪ್ಯಾಕೆಟ್ಟಿನ ಒಳಗೆ ಚಿಕ್ಕ ಚಿಕ್ಕ ಭಾಗಗಳು ಸಾಲಾಗಿ ಇರುತ್ತವೆ, ಪ್ರತಿಯೊಂದರ ತಲೆಯಲ್ಲಿ ಅದರ ಉದ್ದ ಬರೆದಿರುತ್ತದೆ. ಉದ್ದ ಓದಿ, ಅಷ್ಟು ಮುಂದೆ ಹೋಗಿ, ಮತ್ತೆ ಓದು. ಈ ಲೂಪ್ ಯಾರು ಬೇಕಾದರೂ ಬರೆದಾರು. ಆದರೆ ಯಾರೋ ಕಿಡಿಗೇಡಿ ಉದ್ದದ ಜಾಗದಲ್ಲಿ 0 ಬರೆದು ಕಳಿಸಿದರೆ? ಸೊನ್ನೆ ಬೈಟ್ ಮುಂದೆ ಹೋಗು, ಮತ್ತೆ ಅದನ್ನೇ ಓದು, ಮತ್ತೆ ಸೊನ್ನೆ. ಲೂಪ್ ಮುಗಿಯುವುದೇ ಇಲ್ಲ. ವೈರ್‌ಶಾರ್ಕ್ ಅಲ್ಲೇ ನಿಂತುಬಿಡುತ್ತದೆ. ಪ್ಯಾಕೆಟ್ಟಿನ ಹೊರಗೆ ಕೈಚಾಚಿ ಓದಲು ಹೋದರೆ ತಡೆಯುವ ಏರ್ಪಾಡು ಒಳಗೇ ಇದೆ, ಆಗ ಪ್ಯಾಕೆಟ್ ಕೆಟ್ಟಿದೆ ಅನ್ನುವ ಸೂಚನೆ ಬರುತ್ತದೆ. ಆದರೆ ಇದ್ದಲ್ಲೇ ಗಿರಕಿ ಹೊಡೆಯುವವನನ್ನು ಆ ಏರ್ಪಾಡು ಹಿಡಿಯುವುದಿಲ್ಲ. ಮುಂದಕ್ಕೆ ಸರಿಯುತ್ತಿದ್ದೇವೆಯೇ ಅಂತ ಬರೆಯುವವರೇ ನೋಡಿಕೊಳ್ಳಬೇಕು. ಡೆವಲಪರ್ ರೀಡ್‌ಮಿಯಲ್ಲಿ ಈ ಬಗ್ಗೆ ಪ್ರತ್ಯೇಕ ಭಾಗವೇ ಇದೆ. ನನ್ನ ಲೆಕ್ಕದಲ್ಲಿ ಇಡೀ ದಾಖಲೆಯಲ್ಲಿ ಹೆಚ್ಚು ಬೆಲೆಬಾಳುವ ಪುಟ ಅದೇ, ಕಡಿಮೆ ಜನ ಓದುವುದೂ ಬಹುಶಃ ಅದನ್ನೇ. ಕೋಡ್ ಇರುವ ಪುಟಕ್ಕೆ ಎಲ್ಲರೂ ಓಡುತ್ತಾರೆ.

ಹಾಗಾದರೆ ಬರಹವನ್ನು ತಾಜಾ ಇಡುವುದು ಹೇಗೆ? ವೈರ್‌ಶಾರ್ಕ್ ತಂಡ ಮಾಡಿರುವ ಒಂದು ಕೆಲಸ ನನಗೆ ತುಂಬಾ ಇಷ್ಟ. ಪ್ಲಗಿನ್ನುಗಳನ್ನು ಸಿ ಭಾಷೆಯಲ್ಲೇ ಬರೆಯಬೇಕೆಂದಿಲ್ಲ, ಲುವಾ ಎಂಬ ಸ್ಕ್ರಿಪ್ಟ್ ಭಾಷೆಯಲ್ಲೂ ಬರೆಯಬಹುದು. ಈ ಲುವಾ ಫಂಕ್ಷನ್‌ಗಳ ವಿವರಣೆಯನ್ನು ಬೇರೆ ಫೈಲಿನಲ್ಲಿ ಕೂತು ಯಾರೂ ಬರೆಯುವುದಿಲ್ಲ. ಫಂಕ್ಷನ್ ಇರುವ ಸಿ ಕೋಡಿನ ಪಕ್ಕದಲ್ಲೇ, ಕಾಮೆಂಟ್ ರೂಪದಲ್ಲಿ, ಅದು ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ ಅಂತ ಬರೆದಿರುತ್ತಾರೆ. ಒಂದು ಸ್ಕ್ರಿಪ್ಟ್ ಓಡಿ ಆ ಕಾಮೆಂಟುಗಳನ್ನು ಆರಿಸಿ ಗೈಡಿನ ಅಧ್ಯಾಯ ಮಾಡುತ್ತದೆ. ಫಂಕ್ಷನ್ ಬದಲಿಸುವವರ ಕಣ್ಣೆದುರಿಗೇ ವಿವರಣೆ ಇರುತ್ತದೆ, ಮರೆಯುವುದು ಕಷ್ಟ. ಫಿಲ್ಟರ್‌ಗೆ (ಬೇಕಾದ ಪ್ಯಾಕೆಟ್ಟುಗಳನ್ನು ಮಾತ್ರ ಆರಿಸಿ ತೋರಿಸಲು) ಬಳಸುವ ಹೆಸರುಗಳ ಪಟ್ಟಿಯೂ ಅಷ್ಟೇ, ಡಿಸೆಕ್ಟರ್‌ಗಳು ತಾವಾಗಿ ನೋಂದಾಯಿಸಿದ ಹೆಸರುಗಳಿಂದಲೇ ಹುಟ್ಟುತ್ತದೆ. ಲಕ್ಷಗಟ್ಟಲೆ ಹೆಸರುಗಳನ್ನು ಕೈಯಲ್ಲಿ ಬರೆದು ತಿದ್ದುತ್ತಾ ಕೂರುವುದು ಆಗದ ಮಾತು.

ಯಂತ್ರಕ್ಕೆ ಇಷ್ಟು ಸಾಧ್ಯ. ಆದರೆ ಉದ್ದ ಸೊನ್ನೆಯಾದರೆ ಏನಾಗುತ್ತದೆ, ಷರತ್ತಿನೊಳಗೆ ಏನನ್ನು ಇಡಬಾರದು ಅನ್ನುವ ಮಾತು ಯಾವ ಸ್ಕ್ರಿಪ್ಟಿನಿಂದಲೂ ಹುಟ್ಟುವುದಿಲ್ಲ. ಮನುಷ್ಯರೇ ಬರೆಯಬೇಕು, ಮನುಷ್ಯರೇ ತಿದ್ದಬೇಕು. ತೊಡಕು ಏನೆಂದರೆ, ತಿದ್ದಬಲ್ಲವರು ಅದನ್ನು ಓದುವುದೇ ಇಲ್ಲ. ನಾಲ್ಕು ಡಿಸೆಕ್ಟರ್ ಬರೆದವರಿಗೆ ಫೂ ಯಾಕೆ ಬೇಕು? ಐದನೆಯದಕ್ಕೆ ತಮ್ಮದೇ ಹಳೆಯ ಫೈಲ್ ತೆರೆದು ಕೆಲಸ ಶುರು ಮಾಡುತ್ತಾರೆ. ಸಾಲುಸಾಲಾಗಿ ಓದುವವರು ಹೊಸಬರು. ಮೂರನೇ ಹೆಜ್ಜೆಯಲ್ಲಿ ಕೆಲಸ ನಿಂತರೆ ಅವರು ಕೈಪಿಡಿಯನ್ನು ಅನುಮಾನಿಸುವುದಿಲ್ಲ, ತಮ್ಮನ್ನೇ ಅನುಮಾನಿಸುತ್ತಾರೆ. ಹೇಗೋ ದಾರಿ ಹುಡುಕಿಕೊಂಡು ಮುಂದೆ ಹೋಗುತ್ತಾರೆ. ಎರಡು ತಿಂಗಳಲ್ಲಿ ಅವರೂ ಅನುಭವಿಗಳಾಗಿ, ಆ ಪುಟದ ಕಡೆ ತಲೆ ಹಾಕುವುದನ್ನು ಬಿಡುತ್ತಾರೆ. ತಪ್ಪು ಅಲ್ಲೇ ಮುಂದಿನವರಿಗಾಗಿ ಕಾಯುತ್ತಿರುತ್ತದೆ.

ಆವೃತ್ತಿಯ ಗಲಾಟೆ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಸಿ ಪ್ಲಗಿನ್ ಕಂಪೈಲ್ ಆಗುವಾಗ ತಾನು ಯಾವ ಆವೃತ್ತಿಗೆ ಸೇರಿದ್ದು ಅಂತ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. 4.0ಕ್ಕೆ ಮಾಡಿದ್ದನ್ನು 4.2 ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮತ್ತೆ ಕಂಪೈಲ್ ಮಾಡಬೇಕು. ಲುವಾ ಪ್ಲಗಿನ್ನುಗಳಿಗೆ ಈ ತಾಪತ್ರಯ ಇಲ್ಲ ಅಂತ ಎಷ್ಟೋ ಜನ ನೆಮ್ಮದಿಯಾಗಿದ್ದರು. 2024ರಲ್ಲಿ ಬಂದ 4.4ರಲ್ಲಿ ಒಳಗಿನ ಲುವಾ 5.2ರಿಂದ 5.4ಕ್ಕೆ ಏರಿತು, ಕೆಲವು ಹಳೆಯ ಸ್ಕ್ರಿಪ್ಟುಗಳನ್ನು ತಿದ್ದಬೇಕಾಯಿತು. ಇಂಟರ್ನೆಟ್ಟಿನಲ್ಲಿ ಬಿದ್ದಿರುವ ಹಳೆಯ ಉದಾಹರಣೆಗಳನ್ನು ಮಾತ್ರ ಯಾರೂ ತಿದ್ದಲಿಲ್ಲ. ಹುಡುಕಿದರೆ ಈಗಲೂ ಜಾಸ್ತಿ ಸಿಗುವುದು ಅವೇ.

ಹಾಗಾಗಿ ಹೊಸದಾಗಿ ಪ್ಲಗಿನ್ ಬರೆಯುವವರಿಗೆ ಹೇಳುವುದಿಷ್ಟು. ನಿಮ್ಮ ವೈರ್‌ಶಾರ್ಕ್ ಯಾವ ಆವೃತ್ತಿ ನೋಡಿಕೊಳ್ಳಿ, ಅದರ ಸೋರ್ಸ್ ಜೊತೆಗೇ ಬಂದ ರೀಡ್‌ಮಿ ಓದಿ. ಉದಾಹರಣೆ ಬೇಕಿದ್ದರೆ ಇತ್ತೀಚೆಗೆ ಯಾರೋ ಮುಟ್ಟಿ ತಿದ್ದಿದ ಡಿಸೆಕ್ಟರನ್ನೇ ಆರಿಸಿಕೊಳ್ಳಿ. ಓದುತ್ತಾ ಎಲ್ಲಿ ಸಿಕ್ಕಿಬಿದ್ದಿರಿ ಅನ್ನುವುದನ್ನು ಅವತ್ತೇ ಬರೆದಿಡಿ, ಯಾಕೆಂದರೆ ವಾರ ಕಳೆದರೆ ಅದು ನಿಮಗೂ ಕಷ್ಟ ಅನ್ನಿಸುವುದಿಲ್ಲ. ವೈರ್‌ಶಾರ್ಕ್ 2020ರಿಂದ ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿದೆ. ರೀಡ್‌ಮಿ ಫೈಲುಗಳೂ ಕೋಡ್ ಇರುವ ರೆಪೊಸಿಟರಿಯಲ್ಲೇ ಇವೆ, ಒಂದು ಸಾಲು ತಿದ್ದಿ ಕಳಿಸಲು ಡಿಸೆಕ್ಟರ್ ಬರೆದವರೇ ಆಗಬೇಕೆಂದಿಲ್ಲ.