ಸುತ್ತಿಗೆಯ ಕೆಳಗೆ ಏನಿದೆ, ನೋಡಿ

ಎರಡು ಸರ್ಕಾರಗಳು ತಿಂಗಳುಗಟ್ಟಲೆ ಜಗ್ಗಾಡಿ ಕೊನೆಗೂ ಒಂದು ಒಪ್ಪಂದಕ್ಕೆ ಬಂದಿದ್ದವು. ಇಂಗ್ಲಿಷ್ ವರದಿಯಲ್ಲಿ ಇದ್ದ ಮಾತು ‘ಹ್ಯಾಮರ್ಡ್ ಔಟ್’. ನನ್ನ ಮೇಜಿಗೆ ಬಂದ ಅನುವಾದದ ತಲೆಬರಹ: ‘ಒಪ್ಪಂದಕ್ಕೆ ಭಾರಿ ಪೆಟ್ಟು’. ನಡೆದದ್ದು ಮದುವೆ, ಬರೆದದ್ದು ತಿಥಿ.

ಬರೆದ ಹುಡುಗಿ ಜಾಣೆ, ಶ್ರದ್ಧೆಯೂ ಇದೆ. ಆದರೂ ಎಲ್ಲರೂ ಎಡವುವ ಕಡೆಯೇ ಎಡವಿದ್ದಳು: ಹ್ಯಾಮರ್ ಎಂದರೆ ಸುತ್ತಿಗೆ, ಸುತ್ತಿಗೆ ಎಂದರೆ ಹೊಡೆತ, ಹೊಡೆತ ಎಂದರೆ ಹಾನಿ. ಅನುವಾದ ತಿದ್ದುವ ನನಗೆ ಈ ಲೆಕ್ಕ ಕಂಡರೆ ತಲೆ ಬಿಸಿಯಾಗುತ್ತದೆ. ಸುತ್ತಿಗೆ ಹಿಡಿದು ಬದುಕುವವರು ಅದನ್ನು ಒಡೆಯುವುದಕ್ಕಿಂತ ಹೆಚ್ಚಾಗಿ ಮಾಡುವುದಕ್ಕೇ ಬಳಸುತ್ತಾರೆ.

ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಬಡಿದಾಗ ಅದು ಒಡೆಯುವುದಿಲ್ಲ. ಚಪ್ಪಟೆಯಾಗುತ್ತದೆ, ಉದ್ದವಾಗುತ್ತದೆ, ಬಾಗುತ್ತದೆ. ಆರುತ್ತ ಬಂದರೆ ಮತ್ತೆ ಬೆಂಕಿಗೆ, ಮತ್ತೆ ಅಡಿಗಲ್ಲಿಗೆ. ಒಂದೇ ಪೆಟ್ಟಿಗೆ ಕುಡುಗೋಲು ಆಗುವುದಿಲ್ಲ. ಒಪ್ಪಂದವನ್ನು ‘ಹ್ಯಾಮರ್ ಔಟ್’ ಮಾಡಿದರು ಎನ್ನುವಾಗ ಇಂಗ್ಲಿಷಿನವರ ಮನಸ್ಸಿನಲ್ಲಿರುವುದು ಈ ಕೆಲಸ: ಕಾವು, ಶ್ರಮ, ಕೊನೆಗೊಂದು ರೂಪ. ‘ಒಪ್ಪಂದ ಕುದುರಿತು’ ಎಂದರೆ ತಪ್ಪಲ್ಲ, ಆದರೆ ಶ್ರಮ ಕಾಣುವುದಿಲ್ಲ. ‘ಹಗ್ಗಜಗ್ಗಾಟದ ಬಳಿಕ’ ಎಂದು ಸೇರಿಸಿದರೆ ಕಾಣುತ್ತದೆ.

ಅದೇ ‘ಹ್ಯಾಮರ್ ಔಟ್’ ಭಿನ್ನಾಭಿಪ್ರಾಯದ ಜೊತೆ ಬಂದರೆ ಚಿತ್ರ ಬೇರೆ. ನೆಗ್ಗಿದ ತಗಡನ್ನು ಒಳಗಿನಿಂದ ತಟ್ಟಿ ಸಮ ಮಾಡುತ್ತಾರಲ್ಲ, ಅದು. ಅಲ್ಲಿ ರೂಪ ಕೊಟ್ಟದ್ದಲ್ಲ, ನೆಗ್ಗು ತೆಗೆದದ್ದು. ಭಿನ್ನಾಭಿಪ್ರಾಯ ‘ಬಗೆಹರಿಯಿತು’ ಎಂದರೆ ಸಾಕು.

ಹಾಗಾಗಿ ಕಲಿಯಲು ಬರುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಸುತ್ತಿಗೆಯ ಕೆಳಗೆ ಏನಿದೆ? ಕಾದ ಕಬ್ಬಿಣವೋ, ತಗಡೋ, ಮೊಳೆಯೋ, ಇಲ್ಲ ಯಾರದಾದರೂ ತಲೆಯೋ? ‘ಹ್ಯಾಮರ್ ಹೋಮ್’ ಎಂದರೆ ಮೊಳೆ. ತಲೆ ಮಟ್ಟಸವಾಗಿ ಕೂರುವ ತನಕ ಹೊಡೆಯುವುದು, ಅಂದರೆ ಮನದಟ್ಟು ಮಾಡುವುದು. ಅದರಲ್ಲಿರುವ ‘ಹೋಮ್’ ಮನೆಯಲ್ಲ. ದಯವಿಟ್ಟು ‘ವಿಷಯವನ್ನು ಮನೆಗೆ ತಲುಪಿಸಿದರು’ ಎಂದು ಬರೆಯಬೇಡಿ, ಅದನ್ನೂ ನೋಡಿಯಾಗಿದೆ. ಪಂದ್ಯದಲ್ಲಿ 5–0 ಅಂತರದಿಂದ ಒಂದು ತಂಡ ಇನ್ನೊಂದನ್ನು ‘ಹ್ಯಾಮರ್’ ಮಾಡಿದರೆ ಮಾತ್ರ ಕೆಳಗಿರುವುದು ತಲೆ. ಅಲ್ಲಿ ‘ಬಗ್ಗುಬಡಿದರು’ ಎಂದು ಧಾರಾಳವಾಗಿ ಬರೆಯಿರಿ.

ಈ ಪ್ರಶ್ನೆ ಎಲ್ಲ ಕಡೆಗೂ ಸಾಲುತ್ತದೆ ಎಂದು ಪ್ರಮಾಣ ಮಾಡಲಾರೆ. ಇಂದಿನ ವರದಿಯಲ್ಲಿ ಷೇರು ‘ಹ್ಯಾಮರ್’ ಆಯಿತೆಂದರೆ ಬೆಲೆ ನೆಲಕಚ್ಚಿತು ಎಂದರ್ಥ. ಲಂಡನ್ ಷೇರುಪೇಟೆಯ ಹಳೆಯ ಬರಹದಲ್ಲಿ ಒಬ್ಬ ದಲ್ಲಾಳಿ ‘ಹ್ಯಾಮರ್’ ಆದನೆಂದರೆ ಅವನಿಗೆ ಯಾರೂ ಹೊಡೆದಿರುವುದಿಲ್ಲ. ಬಾಕಿ ತೀರಿಸಲಾಗದವನ ಹೆಸರು ಸಾರುವ ಮೊದಲು ಅಲ್ಲಿ ಸುತ್ತಿಗೆ ಕುಟ್ಟುತ್ತಿದ್ದರು. ಹರಾಜಿನ ಸುತ್ತಿಗೆಯೂ ಅಷ್ಟೇ, ಸದ್ದು ಮಾಡುವುದೇ ಅದರ ಕೆಲಸ.

ಇನ್ನು ಆಡುಮಾತಿನ ಇಂಗ್ಲಿಷಿನಲ್ಲಿ ‘ಹ್ಯಾಮರ್ಡ್’ ಎಂದರೆ ಕಂಠಪೂರ್ತಿ ಕುಡಿದವನು. ಕಥೆಯಲ್ಲಾದರೆ ಮುಂದಿನ ಸಾಲು ಓದಿದರೆ ತಿಳಿದೀತು. ಸಾಕ್ಷಿಯ ಹೇಳಿಕೆಯಲ್ಲಿ ‘ಅವನು ಆ ರಾತ್ರಿ ಹ್ಯಾಮರ್ಡ್ ಆಗಿದ್ದ’ ಎಂದಷ್ಟೇ ಇದ್ದರೆ, ಕುಡಿದಿದ್ದನೋ ಪೆಟ್ಟು ತಿಂದಿದ್ದನೋ? ಮೊದಲನೆಯದೇ ಇರಬೇಕು ಎಂದು ಅನಿಸಿದರೂ ಅಂಥ ಕಡೆ ನಾನು ಊಹೆಯ ಮೇಲೆ ಬರೆಯುವುದಿಲ್ಲ, ಕಾಗದ ಕಳಿಸಿದವರಿಗೇ ಫೋನು ಮಾಡಿ ಕೇಳುತ್ತೇನೆ.